ಟೀಚರಮ್ಮನ ಒಪ್ಪಿಸುವ ಶಾಸ್ತ್ರ

ಟೀಚರಮ್ಮ ತೀರಿಕೊಂಡ ಸುದ್ದಿಯನ್ನು ನಮ್ಮ ಮನೆಗೆ ಮುಟ್ಟಿಸಿದವನು ಬಸ್ಸಿನ ಕಂಡಕ್ಟರ್. ಸಕಲೇಶಪುರದಿಂದ ಹಾನುಬಾಳಿಗೆ ಬರುವ ಬೆಳಗಿನ ಬಸ್ಸು, ಇಳಿಯುವವರು ಯಾರೂ ಇಲ್ಲದಿದ್ದರೂ ನಮ್ಮೂರ ತಿರುವಿನಲ್ಲಿ ನಿಂತಿತು. ಅವನು ಇಳಿದು, ಗೇಟು ತೆಗೆದು, ಅಂಗಳದವರೆಗೆ ನಡೆದು ಬಂದ. ಹಿಂದೆ ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ಇವನಿಗೆ ಅದರ ಪರಿವೆಯೇ ಇರಲಿಲ್ಲ. "ಅಕ್ಕ, ಆಲೂರಲ್ಲಿ ಟೀಚರಮ್ಮ ಹೋಗ್ಬುಟ್ರಂತೆ. ಮಧ್ಯಾಹ್ನದ ಮೇಲೆ ಮಣ್ಣು ಮಾಡ್ತಾರಂತೆ. ಶೋಭನ ಕರ್ಕಂಡು ಬಾರಕ್ಕ, ವಾಪಸ್ ಬರೋ ಟ್ರಿಪ್ಪಲ್ಲಿ ನಿಲ್ಲಿಸ್ತೀನಿ," ಅಂದ. ಟವೆಲಿನಲ್ಲಿ ಮುಖ ಒರೆಸಿಕೊಂಡು ಹೋದ.

ಅವರು ಅವನಿಗೆ ನೆಂಟರಲ್ಲ, ಇಷ್ಟರಲ್ಲ, ಪಾಠ ಹೇಳಿದವರೂ ಅಲ್ಲ. ಮತ್ತೇನು ಎಂದು ಕೇಳಿದರೆ ಒಂದು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ನಿವೃತ್ತಿಯ ವರ್ಷ ಯಾರೋ ಸನ್ಮಾನ ಮಾಡುತ್ತೇವೆಂದು ಶಾಲು ಹಿಡಿದುಕೊಂಡು ಬಂದಾಗ "ನಂಗೆ ಚಳಿ ಇಲ್ಲ ಕಣಪ್ಪ" ಎಂದು ವಾಪಸು ಕಳಿಸಿದ ಹೆಂಗಸು ಅವರು. ಈಗ ನಾನು ಹೆಸರು ಹಾಕಿ ಬರೆದರೆ, ಇದ್ದಲ್ಲಿಂದಲೇ ಬೈದಾರು. ನಮ್ಮ ಸುತ್ತಿನ ಊರುಗಳಲ್ಲಿ ಟೀಚರಮ್ಮ ಎಂದರೆ ಅವರೊಬ್ಬರೇ. ಮಿಕ್ಕವರೆಲ್ಲ ಮಿಸ್ಸು, ಮೇಡಮ್ಮು.

ನೋಡಲು ದಪ್ಪ ಆಳು, ಗಡಸು ಗಂಟಲು. ನಡೆದರೆ ಮೈಯೆಲ್ಲ ಒಂದು ಕಡೆಗೆ ವಾಲುತ್ತಿತ್ತು, ಆದರೂ ನಮ್ಮೂರ ಏರನ್ನು ನಮಗಿಂತ ಮೊದಲು ಹತ್ತಿ ನಿಂತು "ಬನ್ರೇ ಬೇಗ" ಎನ್ನುತ್ತಿದ್ದರು. ಸೆರಗಿನ ತುದಿಗೆ ಯಾವಾಗಲೂ ನಾಲ್ಕು ಲವಂಗ ಗಂಟು ಹಾಕಿಕೊಂಡಿರುತ್ತಿದ್ದರು. ಸಿಟ್ಟು ಬಂದಾಗ ಒಂದನ್ನು ಬಾಯಿಗೆ ಹಾಕಿಕೊಳ್ಳುವರು, ಅದು ನಮಗೆ ಎಚ್ಚರಿಕೆ. ಹಾಡಲು ಬರುತ್ತಿರಲಿಲ್ಲ. ಪ್ರಾರ್ಥನೆ ಹೇಳಿಕೊಡುವಾಗ ಒಂದನೇ ಕ್ಲಾಸಿನ ಮಕ್ಕಳು ಅವರ ರಾಗ ತಿದ್ದುತ್ತಿದ್ದವಂತೆ. ಮುದ್ದು ಮಾಡುವ ಪೈಕಿಯಂತೂ ಅಲ್ಲವೇ ಅಲ್ಲ. ಯಾವ ಮಗುವಿನ ತಲೆಯನ್ನೂ ಅವರು ಸವರಿದ್ದು ನಾನು ಕಾಣೆ. ಅಂಥ ಮಕ್ಕಳನ್ನು ಕಂಡು ಯಾರಾದರೂ "ಅಯ್ಯೋ" ಎಂದು ರಾಗ ಎಳೆದರೆ, "ಅಯ್ಯೋ ಅನ್ನೋರೆಲ್ಲ ಆ ಕಡೆ ನಿಂತ್ಕಳಿ, ಇಲ್ಲಿ ಕೆಲಸ ಐತೆ" ಎಂದುಬಿಡುವರು.

ಅಂಥ ಮಕ್ಕಳು ಎಂದೆ. ನನ್ನ ಮಗಳು ಶೋಭ ಅವರಲ್ಲಿ ಒಬ್ಬಳು. ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇದ್ದಳು. ನಡೆಯುವುದು ತಡವಾಯಿತು, ಮಾತು ಇನ್ನೂ ತಡವಾಯಿತು. ಹಾಸನದ ಡಾಕ್ಟರು ಬುದ್ಧಿ ಬೆಳೆಯುವುದು ನಿಧಾನ, ಇದಕ್ಕೆ ಔಷಧಿ ಇಲ್ಲ ಎಂದರು. ಊರಿನವರು ಅಷ್ಟು ಉದ್ದ ಹೇಳಲಿಲ್ಲ, ಮಂಕು ಎಂದರು. ವಿಶೇಷ ಅಗತ್ಯವುಳ್ಳ ಮಕ್ಕಳು ಎಂಬ ಮಾತು ಆಗಿನ್ನೂ ನಮ್ಮ ಕಡೆ ಬಸ್ಸು ಹತ್ತಿ ಬಂದಿರಲಿಲ್ಲ. ನನ್ನ ಯಜಮಾನರು ಮಾತು ಕಡಿಮೆಯ ಮನುಷ್ಯ. ನಮ್ಮದು ನಾಲ್ಕೆಕರೆ ಕಾಫಿ, ಒಂದಿಷ್ಟು ಗದ್ದೆ. ಬೆಳಗಾದರೆ ತೋಟಕ್ಕೆ ಹೋಗಿಬಿಡುವರು. ಮಗಳನ್ನು ಎತ್ತಿ, ತೊಳೆದು, ತಿನ್ನಿಸಿ, ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡವಳು ನಾನು. ನನ್ನ ಎದೆಯೊಳಗೆ ಇದ್ದದ್ದು ಒಂದೇ ಪ್ರಶ್ನೆ. ನಾನು ಕಣ್ಣು ಮುಚ್ಚಿದ ಮೇಲೆ ಇವಳ ಗತಿ ಏನು? ಅನ್ನ ಕಲಸುವಾಗಲೂ ಅದೇ, ದೇವರ ಮುಂದೆ ನಿಂತಾಗಲೂ ಅದೇ.

ತೊಂಬತ್ತರ ದಶಕದ ಮೊದಲಲ್ಲಿ ಟೀಚರಮ್ಮ ನಮ್ಮೂರ ಶಾಲೆಗೆ ವರ್ಗವಾಗಿ ಬಂದರು. ಶಾಲೆಗೆ ಸೇರುವ ವಯಸ್ಸಿನ ಮಕ್ಕಳು ಎಷ್ಟಿದ್ದಾರೆಂದು ಮನೆಮನೆಗೆ ಬಂದು ಕೇಳುತ್ತಿದ್ದರು. ನಮ್ಮತ್ತೆ ಜಗಲಿಯಲ್ಲಿ ಕೂತಿದ್ದವರು, ಒಂದು ಹೆಣ್ಣು ಐತೆ, ಆದರೆ ಅದು ಲೆಕ್ಕಕ್ಕಿಲ್ಲ ಎಂದರು. ಟೀಚರಮ್ಮ ಲವಂಗ ಬಾಯಿಗೆ ಹಾಕಿಕೊಂಡರು. "ಲೆಕ್ಕ ಹಾಕೋಳು ನಾನು ಕಣಜ್ಜಿ. ಎಲ್ಲೈತೆ ಮಗು?" ಎಂದು ಸೀದಾ ಒಳಗೆ ಬಂದರು. ಶೋಭ ಆಗ ಒಲೆಯ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಅವಳ ಎದುರಿಗೆ ನೆಲದ ಮೇಲೆ ಕೂತು, ತುಂಬ ಹೊತ್ತು ಇದ್ದು ಎದ್ದು ಹೋದರು. ಹೋಗುವಾಗ ಸೋಮವಾರ ಕರೆದುಕೊಂಡು ಬಾ ಎಂದರು.

ಸೋಮವಾರ ಹೋದೆ. ಶಾಲೆಯ ಬಾಗಿಲಲ್ಲಿ ಅವಳ ಕೈ ಬಿಡಿಸಿಕೊಂಡು ಓಡಿ ಬರುವುದು ನನ್ನ ಯೋಚನೆ. ಮೊದಲ ದಿನ ಎಲ್ಲ ತಾಯಂದಿರೂ ಮಾಡುವುದು ಅದೇ ತಾನೆ? ಟೀಚರಮ್ಮ ಬಾಗಿಲಿಗೆ ಅಡ್ಡ ನಿಂತರು. ಹೀಗೆ ಬಿಟ್ಟು ಹೋಗಲು ಇದೇನು ದೊಡ್ಡಿಯೇ ಎಂದು ಕೇಳಿದರು. "ನಿನ್ನ ಮದುವೇಲಿ ನಿಮ್ಮಮ್ಮ ನಿನ್ನ ಹೆಂಗೆ ಒಪ್ಪಿಸಿದ್ಲು? ಹಂಗೆ ಒಪ್ಪಿಸು," ಅಂದರು.

ನಮ್ಮ ಮದುವೆಗಳಲ್ಲಿ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರ ಇರುತ್ತದೆ. ಹೆಣ್ಣಿನ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, ಇವತ್ತಿನವರೆಗೆ ನಮ್ಮ ಮಗಳು, ಇನ್ನು ನಿಮ್ಮ ಮಗಳು, ಹಾಲಿಗಾದರೂ ಹಾಕಿ ನೀರಿಗಾದರೂ ಹಾಕಿ ಎನ್ನುತ್ತಾರೆ. ಚಪ್ಪರದಲ್ಲಿ ಅಳದವರು ಇರುವುದಿಲ್ಲ. ಶೋಭಳಿಗೆ ಆ ಶಾಸ್ತ್ರ ಈ ಜನ್ಮದಲ್ಲಿ ಇಲ್ಲ ಎಂದು ನಾನು ಎಂದೋ ಅತ್ತು ಮುಗಿಸಿದ್ದೆ. ಈಗ ಈ ಹೆಂಗಸು ಶಾಲೆ ಬಾಗಿಲಲ್ಲಿ ನಿಲ್ಲಿಸಿಕೊಂಡು ಅದನ್ನೇ ಮಾಡು ಎನ್ನುತ್ತಿದ್ದಾರೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಗಳ ಕೈಯನ್ನು ಅವರ ಕೈಯಲ್ಲಿಟ್ಟು, ರೂಢಿಯ ಮಾತನ್ನೇ ಹೇಳಿದೆ. ಹಾಲಿಗಾದರೂ ಹಾಕಿ, ನೀರಿಗಾದರೂ ಹಾಕಿ.

"ನೀರಿಗೆ ಹಾಕೋದಾದ್ರೆ ಇಸ್ಕಳೋದೇ ಇಲ್ಲ ನಾನು," ಅಂದರು. "ಆ ಮಾತು ಬುಡು. ಮೊದ್ಲು ಊನ ಹೇಳು. ಮದುವೇಲಿ ಮುಚ್ಚಿಟ್ಟು ಕೊಡ್ತಾರೆ, ಅದಕ್ಕೇ ಮೂರೇ ತಿಂಗಳಿಗೆ ಜಗಳ."

ಹೇಳಿದೆ. ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾಳೆ, ಜೋರು ಸದ್ದಿಗೆ ಹೆದರುತ್ತಾಳೆ, ಹೆದರಿದರೆ ತಲೆ ಗೋಡೆಗೆ ಬಡಿದುಕೊಳ್ಳುತ್ತಾಳೆ, ಮಾತು ತೊದಲು. ಅದುವರೆಗೆ ಯಾರ ಮುಂದೆಯೂ ಬಾಯಿ ಬಿಡದ ಸಂಗತಿಗಳು. ಎಲ್ಲ ಕೇಳಿಸಿಕೊಂಡು ಅವರು, ಸರಿ, ಏನು ಬರುತ್ತದೆ ಎಂದರು. ಏನೂ ಬರುವುದಿಲ್ಲ ಟೀಚರಮ್ಮ ಎಂದೆ. ಹಾಗಾದರೆ ಮನೆಗೆ ಕರೆದುಕೊಂಡು ಹೋಗು, ಏನು ಬರುತ್ತದೆಂದು ನೋಡಿಕೊಂಡು ನಾಳೆ ಬಾ, ಬರಿಗೈಯಲ್ಲಿ ಯಾರಾದರೂ ಹೆಣ್ಣು ಕಳಿಸುತ್ತಾರೆಯೇ ಎಂದು ನಿಜವಾಗಿಯೂ ವಾಪಸು ಕಳಿಸಿಬಿಟ್ಟರು.

ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಆದರೂ ಮಗಳನ್ನು ನೋಡಿದೆ. ಏಳು ವರ್ಷ ಅವಳನ್ನು ಕಾದಿದ್ದೆ, ನೋಡಿರಲಿಲ್ಲ. ಸಂಜೆ ಕೋಳಿ ಮುಚ್ಚುವ ಹೊತ್ತಿಗೆ ಅವಳು ಹಿತ್ತಲಿಗೆ ಹೋಗಿ ನಾಲಿಗೆಯಲ್ಲಿ ಏನೋ ಲೊಚಗುಟ್ಟಿದಳು. ನಾನು ಕಿರಿಚಿಕೊಂಡರೂ ಬಾರದ ಕೋಳಿಗಳು ಸಾಲಾಗಿ ಬಂದು ಗೂಡು ಸೇರಿದವು. ಎಷ್ಟು ದಿನದಿಂದ ಹೀಗೆ ಎಂದು ಅತ್ತೆಯನ್ನು ಕೇಳಿದರೆ, ಎರಡು ವರ್ಷದಿಂದ ಅವಳೇ ಕರೆಯುತ್ತಾಳಲ್ಲ ಎಂದರು. ಮಾರನೆಯ ದಿನ ಹೋಗಿ ಕೋಳಿ ಕರೆಯಲು ಬರುತ್ತದೆ ಎಂದೆ. ಟೀಚರಮ್ಮ ನಗಲಿಲ್ಲ. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ವರ್ಷ ಬಿಡುವಿನ ಗಂಟೆ ಹೊಡೆದ ಮೇಲೆ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳನ್ನು ಅಂಗಳದಿಂದ ಒಳಗೆ ಕರೆತರುವ ಕೆಲಸ ಶೋಭಳದಾಯಿತು.

ಇದು ಅವರ ಪದ್ಧತಿ. ಮಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ, ಅದು ಅಂಗನವಾಡಿಯಿಂದ ಶಾಲೆಗೇ ಇರಲಿ, ಮನೆಯಿಂದ ಬಸ್ಸಿಗೇ ಇರಲಿ, ಯಾರಾದರೂ ಒಬ್ಬರ ಕೈಗೆ ಒಪ್ಪಿಸಲೇಬೇಕು. ಮೊದಲು ಊನ, ಆಮೇಲೆ ಏನು ಬರುತ್ತದೆ ಎಂಬುದು. ಇಸಿದುಕೊಳ್ಳುವವರು ಬಾಯಿ ಬಿಟ್ಟು ಆಯಿತು ಎನ್ನಬೇಕು. ಸುಮ್ಮನೆ ತಲೆಯಾಡಿಸಿದರೆ ಅವರು ಕೈ ಬಿಡುತ್ತಿರಲಿಲ್ಲ. ಬೇಕಾದವರಾಗಿ ಹೋಗಬೇಕು ಕಣವ್ವ, ಪಾಪದವರಾಗಿ ಹೋಗಬಾರದು ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ.

ಒಪ್ಪಿಸುವ ಮೊದಲು ಇನ್ನೊಂದು ಕೆಲಸ ಇರುತ್ತಿತ್ತು. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ, ನಮ್ಮ ಕಡೆಯವರು ಮನೆ ನೋಡಲು ಹೋಗುವುದಿಲ್ಲವೇ? ಹಾಗೆ ಬೇಸಿಗೆ ರಜದಲ್ಲಿ ಮಗುವನ್ನು ಕರೆದುಕೊಂಡು ಖಾಲಿ ಶಾಲೆ ನೋಡಲು ಹೋಗುತ್ತಿದ್ದರು. ನೀರಿನ ನಲ್ಲಿ ಎಲ್ಲಿದೆ, ಕಕ್ಕಸು ಎಲ್ಲಿದೆ, ಹೆದರಿಕೆಯಾದರೆ ಯಾವ ಮೂಲೆಯಲ್ಲಿ ನಿಲ್ಲಬಹುದು, ಎಲ್ಲವನ್ನೂ ಮಗುವೇ ಮುಟ್ಟಿ ನೋಡಬೇಕು. ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ಊಟ ಮಾಡಿಯೇ ಬರಬೇಕು. ತಿಂದ ಜಾಗದ ಹೆದರಿಕೆ ಇರುವುದಿಲ್ಲ ಎನ್ನುವರು.

ಕಂಡಕ್ಟರನ ಕಥೆಯೂ ಇದೇ. ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಕಿವಿ ಕೇಳದ ಹುಡುಗನೊಬ್ಬ ಇದ್ದ. ಮುಂದಿನ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಟೀಚರಮ್ಮ ತುಂಬಿದ ಬಸ್ಸನ್ನು ನಿಲ್ಲಿಸಿಕೊಂಡು, ಆಗಿನ್ನೂ ಮೀಸೆ ಬಲಿಯದ ಆ ಕಂಡಕ್ಟರನ ಕೈಗೆ ಹುಡುಗನ ಕೈ ಕೊಟ್ಟರು. ಇವನಿಗೆ ಕಿವಿ ಕೇಳುವುದಿಲ್ಲ, ಕೂಗಬೇಡ, ಭುಜ ತಟ್ಟು. ಸಿಟ್ಟು ಬಂದರೆ ಕಚ್ಚುತ್ತಾನೆ. ಮುದುಕಿಯರ ಗಂಟುಮೂಟೆ ಹತ್ತಿಸಲು ಕೈ ಕೊಡುತ್ತಾನೆ. ಜನ ಒಳಗಿಂದ ಹೊತ್ತಾಯಿತು ಎಂದು ಕೂಗುತ್ತಿದ್ದರು. ಅವನು ಆಯಿತು ಎನ್ನುವವರೆಗೆ ಅವರು ಮೆಟ್ಟಿಲಿನಿಂದ ಇಳಿಯಲಿಲ್ಲ. ನಾನು ಹತ್ತಿರವೇ ಇದ್ದೆ, ನಾಚಿಕೆಯಿಂದ ಮುಖ ತಿರುಗಿಸಿಕೊಂಡೆ. ಆ ಹುಡುಗ ಓದು ಮುಗಿಸುವವರೆಗೆ ಆ ಕಂಡಕ್ಟರ್ ರಜೆ ಹಾಕಿದ ದಿನ ಬೇರೊಬ್ಬ ಕಂಡಕ್ಟರನಿಗೆ ಹೇಳಿಯೇ ಹಾಕುತ್ತಿದ್ದನಂತೆ.

ಯಾಕೆ ಟೀಚರಮ್ಮ ನೀವು ಇಷ್ಟೆಲ್ಲ ಮಾಡುವುದು, ನಿಮ್ಮ ಮನೆಯಲ್ಲಿ ಯಾರಾದರೂ ಇಂಥವರಿದ್ದರೇ ಎಂದು ಒಮ್ಮೆ ಕೇಳಿದ್ದೆ. ಮುಖ ಗಂಟು ಹಾಕಿಕೊಂಡರು. ಯಾರೂ ಇಲ್ಲ, ನನ್ನ ಕ್ಲಾಸಿನಲ್ಲಿದ್ದಾರೆ, ಅಷ್ಟು ಸಾಲದೇ ಎಂದರು. ನನ್ನ ದೊಡ್ಡ ಪ್ರಶ್ನೆಯನ್ನೂ ಕೇಳಿದ್ದೆ. ನಾನು ಹೋದ ಮೇಲೆ ಇವಳನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಅದು ಇವತ್ತಿನ ಕೆಲಸ ಅಲ್ಲ ಎಂದು ಮಾತು ತೇಲಿಸಿಬಿಟ್ಟರು. ಎಷ್ಟೋ ವರ್ಷ ಕೇಳುತ್ತಲೇ ಇದ್ದೆ, ಅವರು ತೇಲಿಸುತ್ತಲೇ ಇದ್ದರು. ಇವರಿಗೂ ಗೊತ್ತಿಲ್ಲ, ಒಪ್ಪಿಕೊಳ್ಳಲು ಬಿಗುಮಾನ ಎಂದುಕೊಂಡೆ.

ಏಳನೇ ಕ್ಲಾಸನ್ನು ಶೋಭ ಅಂತೂ ಇಂತೂ ದಾಟಿದಳು. ಹೇಗೆ ದಾಟಿಸಿದರೋ ಟೀಚರಮ್ಮನಿಗೇ ಗೊತ್ತು. ಇನ್ನು ಹೈಸ್ಕೂಲು. ನಮ್ಮತ್ತೆ, ಓದಿದ್ದು ಸಾಕು, ಮೈನೆರೆದ ಹುಡುಗಿ, ಬುದ್ಧಿ ಬೇರೆ ಇಲ್ಲ, ಮನೆಯಲ್ಲಿರಲಿ ಎಂದರು. ನನಗೂ ಹಾಗೇ ಅನ್ನಿಸಿತ್ತು. ಟೀಚರಮ್ಮ ಬಿಡಲಿಲ್ಲ. ನಾಲ್ಕು ಗೋಡೆಯೊಳಗೆ ಇಟ್ಟರೆ ನಾಲ್ಕು ಗೋಡೆಗೆ ಮಾತ್ರ ಒಪ್ಪಿಸಿದಂತೆ ಎಂದರು. ಆ ಹೈಸ್ಕೂಲಿನಲ್ಲಿ ಅಟೆಂಡರ್ ನಿವೃತ್ತನಾಗಿ ಬೇರೆ ಯಾರೂ ಬಂದಿರಲಿಲ್ಲ. ಕುಡಿಯುವ ನೀರು ತುಂಬಿಡಲು ಗತಿಯಿಲ್ಲ ಎಂಬುದನ್ನು ತಿಳಿದುಕೊಂಡು ಬಂದರು. ಒಂದು ವರ್ಷ ಪೂರ್ತಿ ಶೋಭಳನ್ನು ತಮ್ಮ ಶಾಲೆಯಲ್ಲೇ ಉಳಿಸಿಕೊಂಡು ಅದನ್ನೇ ಕಲಿಸಿದರು. ಬಿಂದಿಗೆ ತೊಳೆಯುವುದು, ಬಟ್ಟೆ ಕಟ್ಟಿ ನೀರು ಸೋಸುವುದು, ಲೋಟ ಬೋರಲು ಹಾಕುವುದು. ಜೂನ್ ತಿಂಗಳಲ್ಲಿ ಹೆಡ್ ಮಾಸ್ಟರ ಕೈಗೆ ಅವಳ ಕೈ ಕೊಟ್ಟು, ಊನವನ್ನೆಲ್ಲ ಹೇಳಿ, ನೀರು ತುಂಬಲು ಬರುತ್ತದೆ ಎಂದರು. ಹೆಡ್ ಮಾಸ್ಟರು ಸಂತೋಷದಿಂದ ಆಯಿತು ಎಂದರು. ಬಹಳ ಸಂತೋಷದಿಂದ.

ದಸರಾ ಹತ್ತಿರ ಬಂದರೂ ಒಂದು ದೂರಿಲ್ಲ. ಶೋಭ ಬೆಳಿಗ್ಗೆ ತಾನೇ ಎದ್ದು ಹೊರಡುತ್ತಿದ್ದಳು. ಮೇಷ್ಟರುಗಳು ಸಿಕ್ಕಿದಲ್ಲೆಲ್ಲ, ನಿಮ್ಮ ಮಗಳು ಬಂಗಾರ ಕಣ್ರೀ ಎನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಒಂದು ದಿನ ಟೀಚರಮ್ಮ ನನ್ನನ್ನೂ ಎಳೆದುಕೊಂಡು ನೋಡಲು ಹೋದರು. ಎಂಟನೇ ಕ್ಲಾಸಿನ ಬಾಗಿಲಲ್ಲಿ ನಿಂತು ಶೋಭ ಎಲ್ಲಿ ಎಂದು ಕೇಳಿದರೆ, ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು, ಓ, ನೀರಿನವಳಾ, ಸ್ಟಾಫ್ ರೂಮಿನಲ್ಲಿರುತ್ತಾಳೆ ಎಂದಳು.

ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ಅವಳ ಚೀಲ ನೇತು ಹಾಕಿತ್ತು. ಅವಳು ಲೋಟ ತೊಳೆಯುತ್ತಿದ್ದಳು. ಮೊದಲು ನೀರು, ಆಮೇಲೆ ಕಾಫಿ ಲೋಟ, ಆಮೇಲೆ ಅಂಗಡಿಯಿಂದ ಬೀಡಿ, ವೀಳ್ಯದೆಲೆ. ಅಷ್ಟು ತಿಂಗಳಲ್ಲಿ ಅವಳು ಕ್ಲಾಸಿನಲ್ಲಿ ಕೂತದ್ದೇ ಇಲ್ಲ. ನಮ್ಮನ್ನು ಕಂಡು ನಕ್ಕಳು. ಅವಳಿಗೆ ಏನೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಕ್ಷಣ ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ. ಮನೆಯಲ್ಲಿ ಮಾಡುವ ಕೆಲಸ ಶಾಲೆಯಲ್ಲಿ ಮಾಡುತ್ತಿದ್ದಾಳೆ, ಹೊಗಳುತ್ತಾರೆ, ಇನ್ನೇನು ಬೇಕು?

ಟೀಚರಮ್ಮ ಲವಂಗ ಹಾಕಿಕೊಳ್ಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಹಾಗೆ ಕುಸಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ತಪ್ಪು ನಂದು ಕಣವ್ವ," ಅಂದರು. "ಮಗಳ ಕಳಿಸ್ಬೇಕಿತ್ತು, ಸೊಸೆ ಕಳಿಸ್ಬುಟ್ಟೆ."

ಆ ಮಾತು ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೆಲಸ ಚೆನ್ನಾಗಿ ಬರುವ ಸೊಸೆಯ ಗತಿ ನನಗೆ ಗೊತ್ತಿಲ್ಲವೇ? ಬಂದ ವಾರಕ್ಕೇ ಒಲೆ ಅವಳದ್ದು, ಕೊಟ್ಟಿಗೆ ಅವಳದ್ದು, ಪಂಕ್ತಿಯಲ್ಲಿ ಮಾತ್ರ ಅವಳಿಗೆ ಎಲೆ ಹಾಕುವುದಿಲ್ಲ. ಟೀಚರಮ್ಮ ಎದ್ದು ಒಳಗೆ ಹೋಗಿ ಮೇಷ್ಟರುಗಳಿಗೆ ಏನು ಹೇಳಿದರೆಂದು ಪೂರ್ತಿ ಕೇಳಿಸಲಿಲ್ಲ. ಅವರವರ ಲೋಟ ಅವರವರು ತೊಳೆದುಕೊಳ್ಳಲು ಯಾವ ಟ್ರೈನಿಂಗು ಬೇಕು ಎಂದದ್ದು ಮಾತ್ರ ಅಂಗಳಕ್ಕೆಲ್ಲ ಕೇಳಿಸಿತು. ತೊಳೆದುಕೊಂಡರೋ, ಎಷ್ಟು ದಿನ ತೊಳೆದುಕೊಂಡರೋ, ನನಗೆ ಗೊತ್ತಿಲ್ಲ. ಹೆಡ್ ಮಾಸ್ಟರು ಕೆಟ್ಟವರಲ್ಲ, ತಲೆ ತಗ್ಗಿಸಿಕೊಂಡು ಕೂತಿದ್ದರು.

ಮೊದಲ ಆಷಾಢಕ್ಕೆ ಹೆಣ್ಣನ್ನು ತವರಿಗೆ ಕರೆಸಿಕೊಳ್ಳುವಂತೆ ಟೀಚರಮ್ಮ ಶೋಭಳನ್ನು ತಮ್ಮ ಶಾಲೆಗೆ ವಾಪಸು ಕರೆದುಕೊಂಡು ಹೋದರು. ದಸರಾ ರಜೆ ಕಳೆದು ಇನ್ನೂ ಕೆಲವು ವಾರ ಅಲ್ಲೇ ಇಟ್ಟುಕೊಂಡರು. ಈ ಸಲ ಏನು ಕಲಿಸುತ್ತಿದ್ದಾರೆಂದು ನೋಡಲು ಹೋದರೆ ನನಗೆ ನಗು ತಡೆಯಲಾಗಲಿಲ್ಲ. ಆ ದಪ್ಪ ಮೈ ಹೊತ್ತು ನೆಲಕ್ಕೆ ಕೂತು, ಸೆರಗು ಸಿಕ್ಕಿಸಿಕೊಂಡು, ಐದು ಕಲ್ಲಿನ ಆಟ ಆಡುತ್ತಿದ್ದರು. ಒಂದು ಕಲ್ಲು ಮೇಲಕ್ಕೆ ಎಸೆದು, ಅದು ಬೀಳುವಷ್ಟರಲ್ಲಿ ಕೆಳಗಿನದನ್ನು ಎತ್ತಿಕೊಂಡು ಹಿಡಿಯಬೇಕು. ಶೋಭಳ ಕೈ ನಿಧಾನ. ಕಲ್ಲು ಅವಳ ಮೂಗಿನ ಮೇಲೆ ಬೀಳುತ್ತಿತ್ತು, ಟೀಚರಮ್ಮನ ಹಣೆಯ ಮೇಲೆ ಬೀಳುತ್ತಿತ್ತು. ಇದೇನು ಟೀಚರಮ್ಮ ಓದು ಬರಹ ಬಿಟ್ಟು ಎಂದೆ. ಮೇಷ್ಟರಿಗೆ ಬೇಕಾದವಳಾಗುವುದು ಸುಲಭ, ಹುಡುಗಿಯರಿಗೆ ಬೇಕಾದವಳಾಗಬೇಕು ಎಂದು ಕಲ್ಲಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು.

ಶೋಭ ಒಂದೊಂದಾಗಿ ಎತ್ತುವುದನ್ನು ಕಲಿತಳು. ಎರಡೆರಡು ಎತ್ತುವುದು ಒಮ್ಮೊಮ್ಮೆ ಆಗುತ್ತಿತ್ತು, ಅದಕ್ಕಿಂತ ಮುಂದಕ್ಕೆ ಎಂದೂ ಹೋಗಲಿಲ್ಲ. ಎರಡನೇ ಸಲ ಒಪ್ಪಿಸಿದ್ದು ಹೆಡ್ ಮಾಸ್ಟರಿಗಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ, ಹುಡುಗಿಯರ ಗುಂಪಿನ ನಡುವೆ ಟೀಚರಮ್ಮ ಕೂತರು. ಇವಳಿಗೆ ಮಾತು ತಡ, ಕಾಯಬೇಕು. ಜೋರಾಗಿ ನಕ್ಕರೆ ತನಗೇ ನಗುತ್ತಿದ್ದಾರೆ ಅಂದುಕೊಳ್ಳುತ್ತಾಳೆ. ಆಟದಲ್ಲಿ ಸೋಲುತ್ತಾಳೆ, ಆದರೆ ಮುಖ ಊದಿಸಿಕೊಳ್ಳುವುದಿಲ್ಲ, ಎಷ್ಟು ಸಲ ಬೇಕಾದರೂ ಆಡುತ್ತಾಳೆ. ಹುಡುಗಿಯರು ಗುಸುಗುಸು ಮಾತಾಡಿಕೊಂಡರು. ಅವತ್ತು ನೀರಿನವಳಾ ಎಂದಿದ್ದ ಹುಡುಗಿಯೇ ಪಕ್ಕಕ್ಕೆ ಸರಿದು, "ಇಲ್ಲೇ ಕೂರ್ಲಿ ಬುಡಿ ಟೀಚರ್," ಎಂದಳು. ಶೋಭ ಪರೀಕ್ಷೆ ಪಾಸಾಗಲಿಲ್ಲ. ಆದರೆ ಆ ಬೆಂಚಿನ ಮೇಲೆ ಎರಡು ವರ್ಷ ಕೂತಳು, ಮೂವರು ಗೆಳತಿಯರ ಮದುವೆಗೆ ಕರೆಸಿಕೊಂಡು ಹೋಗಿ ಬಂದಳು.

ಅಲ್ಲಿಂದ ಮುಂದೆ ಒಂದು ಎಸ್ಟೇಟಿನ ಕಾಫಿ ನರ್ಸರಿ. ಕವರಿಗೆ ಮಣ್ಣು ತುಂಬಿ ಸಸಿ ನೆಡುವ ಹೆಂಗಸರು ಅಲ್ಲಿ ಸಾಲಾಗಿ ಕೂತು ಕೆಲಸ ಮಾಡುತ್ತಾರೆ. ಟೀಚರಮ್ಮ ಅಷ್ಟು ಹೊತ್ತಿಗೆ ನಿವೃತ್ತರಾಗಿ ಆಲೂರಿಗೆ ಹೋಗಿದ್ದರು. ಆದರೂ ಬಂದು, ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಹತ್ತಿರ ಹೋಗದೆ, ಆ ಹೆಂಗಸರ ಸಾಲಿಗೇ ಅವಳನ್ನು ಒಪ್ಪಿಸಿ ಹೋದರು. ಬರುಬರುತ್ತ ಅವರ ಕಾಲು ಊದಿಕೊಳ್ಳುತ್ತಿತ್ತು. ಏರು ಹತ್ತುವಾಗ ನಮ್ಮ ಹಿಂದೆ ಬಿದ್ದರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿದೆ ಎಂದು ಆಮೇಲೆ ತಿಳಿಯಿತು.

ಕಳೆದ ವರ್ಷ ಮಾಗಿ ಚಳಿಯಲ್ಲಿ ಹೇಳಿ ಕಳಿಸಿದರು. ಶೋಭಳನ್ನು ಕರೆದುಕೊಂಡು ಆಲೂರಿಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅರ್ಧ ಮೈ ಇಳಿದಿತ್ತು, ಕೈಯಲ್ಲಿ ಸೂಜಿ ಚುಚ್ಚಿದ ಕಲೆ. ನನಗೆ ಅಳು ಬಂತು. ಅವರು ಗದರಿದರು. ಮಗಳು ನರ್ಸರಿಗೆ ಒಬ್ಬಳೇ ಹೋಗುತ್ತಾಳೋ ಎಂದು ಕೇಳಿದರು. ಇಲ್ಲ, ಗೇಟಿನವರೆಗೆ ನಾನು ಬಿಟ್ಟು ಬರುತ್ತೇನೆ ಎಂದೆ. ಒಲೆ ಹಚ್ಚುತ್ತಾಳೋ? ಅಯ್ಯೋ, ಬೆಂಕಿ ಹತ್ತಿರ ಬಿಡುವುದಿಲ್ಲ ಎಂದೆ. ಹೊಳೆ ಕಡೆಗೆ? ಅದೂ ಇಲ್ಲ. ಕೇಳುತ್ತ ಕೇಳುತ್ತ ಅವರ ಮುಖ ಗಂಟಾಯಿತು. ಆ ಸಿಟ್ಟು ಕಂಡು ನನಗೆ ಸ್ವಲ್ಪ ಧೈರ್ಯ ಬಂದು, ಹಳೆಯ ಪ್ರಶ್ನೆಯನ್ನೇ ಕೇಳಿದೆ. ನನ್ನ ನಂತರ ಇವಳನ್ನು ಯಾರ ಕೈಗೆ ಒಪ್ಪಿಸಲಿ ಟೀಚರಮ್ಮ? ನೀವೂ ಹೀಗೆ ಮಲಗಿಬಿಟ್ಟಿರಿ.

ಈ ಸಲ ಅವರು ತೇಲಿಸಲಿಲ್ಲ. ಇವಳನ್ನು ಎಲ್ಲರಿಗೂ ಒಪ್ಪಿಸಿ ಆಯಿತು, ಬಸ್ಸಿನಿಂದ ನರ್ಸರಿವರೆಗೆ ಇವಳ ಕೈ ಹಿಡಿಯುವವರಿದ್ದಾರೆ, ಬಾಕಿ ಉಳಿದವಳು ನೀನೊಬ್ಬಳೇ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ನನ್ನ ಮುಂಗೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಶೋಭ, ಬಾ ಇಲ್ಲಿ. ಕೈ ಒಡ್ಡು," ಅಂದರು.

ಶೋಭ ಬಂದು ಎರಡೂ ಕೈ ಒಡ್ಡಿದಳು. ಟೀಚರಮ್ಮ ನನ್ನ ಕೈಯನ್ನು ಅವಳ ಕೈಗಳ ಮೇಲೆ ಇಟ್ಟರು. ಇಷ್ಟು ದಿನ ಇವಳು ನಿನ್ನ ನೋಡಿಕೊಂಡಳು, ಇನ್ನು ನೀನು ಇವಳನ್ನು ನೋಡಿಕೋ ಎಂದು, ಉಸಿರು ತೆಗೆದುಕೊಂಡು, ನನ್ನ ಊನ ಹೇಳತೊಡಗಿದರು. "ನಿಮ್ಮಮ್ಮಂಗೆ ಹೆದರಿಕೆ ಜಾಸ್ತಿ. ಬಾಯಿ ಜೋರು. ಯೋಚನೆ ಹತ್ತಿದ್ರೆ ಊಟ ಬುಟ್ಟು ಕೂತ್ಕತಾಳೆ, ನೀನೇ ಬಡಿಸ್ಬೇಕು. ನೀನು ಒಂದು ಗಳಿಗೆ ಕಾಣ್ದಿದ್ರೆ ಊರೆಲ್ಲ ಹುಡುಕ್ತಾಳೆ, ಬೈಬ್ಯಾಡ."

ಅಷ್ಟಕ್ಕೇ ಅವರಿಗೆ ಸುಸ್ತಾಯಿತು. ಕಣ್ಣು ಮುಚ್ಚಿಕೊಂಡರು. ನಾನು ಕೈ ಎಳೆದುಕೊಳ್ಳಲು ನೋಡಿದೆ, ಶೋಭ ಬಿಡಲಿಲ್ಲ. ಶಾಸ್ತ್ರ ಮುಗಿದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳಷ್ಟು ಸಲ ಅದನ್ನು ಕಂಡವರು ಬೇರೆ ಯಾರಿದ್ದಾರೆ?

"ಅಮ್ಮಂಗೆ ಏನ್ ಬತ್ತದೆ?" ಎಂದು ಕೇಳಿದಳು.

ಟೀಚರಮ್ಮ ಕಣ್ಣು ತೆರೆದು ನನ್ನನ್ನು ನೋಡಿದರು. ಇಪ್ಪತ್ತು ವರ್ಷದ ಹತ್ತಿರ ಈ ಮಗಳನ್ನು ನೋಡಿಕೊಳ್ಳುವುದು ಬಿಟ್ಟು ಬೇರೆ ಏನನ್ನೂ ಮಾಡದವಳು ನಾನು. ಏನು ಹೇಳಲಿ? ಟೀಚರಮ್ಮ ಶೋಭಳ ಕಡೆ ತಿರುಗಿ, "ನೀನೇ ಹೇಳು ಮಗ," ಎಂದರು.

ಶೋಭ ಯೋಚಿಸಿದಳು. ಯೋಚಿಸುವಾಗ ಅವಳ ತುಟಿ ಅಲುಗುತ್ತದೆ. ಆಮೇಲೆ, ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನಾನು ಎಣ್ಣೆ ಹಚ್ಚಿ ಹೆಣೆದಿದ್ದ ಜಡೆಯನ್ನು ಒಂದು ಕೈಯಲ್ಲಿ ಮುಂದಕ್ಕೆ ಎಳೆದುಕೊಂಡು ನೋಡಿದಳು. ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದೇ ಇದ್ದಳು.

"ಜಡೆ ಹಾಕಕ್ ಬತ್ತದೆ," ಅಂದಳು. "ಸಾಕು. ಇಟ್ಕತೀನಿ."